ಬ್ರೇಕಿಗೆ ಹರಳೆಣ್ಣೆ

ಹರಳೆಣ್ಣೆಯ ವಾಸನೆ ಮೂಗಿಗೆ ಬಡಿದರೆ ಸಾಕು, ನನ್ನ ಬಲಗಾಲು ತಾನಾಗಿಯೇ ಮುಂದಕ್ಕೆ ಚಾಚಿ ನೆಲವನ್ನು ಒತ್ತಿಬಿಡುತ್ತದೆ. ನಗಬೇಡಿ. ಮೊನ್ನೆ ಪಕ್ಕದ ಮನೆಯ ಬಾಣಂತಿಗೆ ಎಣ್ಣೆ ಒತ್ತುತ್ತಿದ್ದರು. ನಾನು ಜಗಲಿಯಲ್ಲಿ ಪೇಪರ್ ಓದುತ್ತಾ ಕೂತಿದ್ದವನು ಎದುರಿಗಿದ್ದ ಸ್ಟೂಲನ್ನು ಒದ್ದುಬಿಟ್ಟೆ, ಕಾಫಿ ಲೋಟ ಉರುಳಿ ಅಂಗಳಕ್ಕೆ ಬಿತ್ತು. ನನ್ನ ಹೆಂಡತಿ ಮಂಗಳ ಅಡುಗೆಮನೆಯಿಂದಲೇ, "ಏನ್ರೀ, ಬ್ರೇಕ್ ಹಾಕಿದ್ರಾ?" ಅಂದಳು. ಬಂದು ನೋಡಲೂ ಇಲ್ಲ. ಅವಳಿಗೆ ಅಷ್ಟು ಅಭ್ಯಾಸವಾಗಿಹೋಗಿದೆ.

ಇದಕ್ಕೆಲ್ಲ ಕಾರಣ ಆ ಒಂದು ಭಾನುವಾರ. ಹೇಳಿಬಿಡುತ್ತೇನೆ. ಆದರೆ ಅದಕ್ಕೆ ಮೊದಲು ನನ್ನ ಕಾರಿನ ವಿಚಾರ ಹೇಳಬೇಕು, ಅದಕ್ಕೂ ಮೊದಲು ನನ್ನ ಎಡಗಾಲಿನ ಚಪ್ಪಲಿಯ ವಿಚಾರ.

ನಾನು ಹುಟ್ಟಿ ಬೆಳೆದದ್ದು ಬಿಳಿಗೆರೆಯಲ್ಲಿ. ನಮ್ಮಪ್ಪನ ಸೈಕಲ್ಲಿಗೆ ಬೆಲ್ಲೂ ಇರಲಿಲ್ಲ, ಬ್ರೇಕೂ ಇರಲಿಲ್ಲ. ಇಳಿಜಾರಿನಲ್ಲಿ ಅದು ರೊಯ್ಯನೆ ಓಡತೊಡಗಿದಾಗ ಎಡಗಾಲಿನ ಹವಾಯಿ ಚಪ್ಪಲಿಯನ್ನು ಟೈರಿನ ಮೇಲೆ ಒತ್ತಿ ಹಿಡಿಯಬೇಕು. ರಬ್ಬರು ಸುಟ್ಟ ಘಮ ಏಳುತ್ತಿತ್ತು, ಸೈಕಲ್ಲು ಗೊಣಗುತ್ತಾ ನಿಲ್ಲುತ್ತಿತ್ತು. ಮೂರು ತಿಂಗಳಲ್ಲಿ ಎಡಗಾಲಿನ ಚಪ್ಪಲಿ ಹಪ್ಪಳದಂತಾಗಿ, ಬಲಗಾಲಿನದು ಮಾತ್ರ ಅಂಗಡಿಯಿಂದ ತಂದ ಹಾಗೇ ಇರುತ್ತಿತ್ತು. ನಮ್ಮವ್ವ ಎರಡನ್ನೂ ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿ, "ಒಂದೇ ಕಾಲಿಂದು ಎಂಗ್ಲಾ ಸವೀತದೆ? ಸ್ಕೂಲ್ಗೆ ಕುಂಟ್ಕಂಡ್ ಓಯ್ತೀಯಾ?" ಎಂದು ಕೇಳಿದ್ದಳು. ಬ್ರೇಕಿನ ವೆಚ್ಚ ಎಂದರೆ ವರ್ಷಕ್ಕೆ ನಾಲ್ಕು ಚಪ್ಪಲಿ, ಅದೂ ಎಡಗಾಲಿನವು ಎಂಬುದು ನನ್ನ ತಲೆಯಲ್ಲಿ ಆಗಲೇ ಕೂತುಬಿಟ್ಟಿತು. ಅದು ಅಷ್ಟು ಸುಲಭಕ್ಕೆ ಎದ್ದುಹೋಗಲಿಲ್ಲ.

ಹೊಸ ಶತಮಾನ ಶುರುವಾದ ಹೊಸದು. ನಾನು ಆಗ ತಿರುಮಕೂಡಲು ನರಸೀಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ನಂಜನಗೂಡಿನ ಡಾಕ್ಟರೊಬ್ಬರು ಹೊಸ ಕಾರು ಕೊಂಡಾಗ ಅವರ ಹನ್ನೆರಡು ವರ್ಷದ ಹಳೆಯ ಸಣ್ಣ ಕಾರು ನನ್ನ ಪಾಲಿಗೆ ಬಂತು. ಬಂದ ದಿನದಿಂದ ನಾನು ನಡೆಯುವುದನ್ನೇ ಬಿಟ್ಟೆ. ಕೊತ್ತಂಬರಿ ಸೊಪ್ಪಿಗೂ ಕಾರು, ಕ್ಷೌರಕ್ಕೂ ಕಾರು. ಒಂದು ಸಲ ಎದುರುಮನೆಯವರ ಗೃಹಪ್ರವೇಶಕ್ಕೆ ಕಾರು ತೆಗೆದು, ಬೀದಿಯ ತುದಿಯವರೆಗೆ ಹೋಗಿ ತಿರುಗಿಸಿಕೊಂಡು ಬಂದು ಅವರ ಬಾಗಿಲಲ್ಲಿ ಇಳಿದೆ. ಮಂಗಳ ನಡೆದುಕೊಂಡೇ ಹೋಗಿ ಆಗಲೇ ಪಾಯಸ ಉಣ್ಣುತ್ತಿದ್ದಳು.

ಒಂದು ವರ್ಷ ಕಳೆದಿರಬೇಕು, ಕಾರು ಕಿರುಚತೊಡಗಿತು. ಬ್ರೇಕ್ ತುಳಿದರೆ ಮುಂದಿನ ಚಕ್ರಗಳಿಂದ ಕಿರ್ರೋ ಎಂಬ ಆರ್ತನಾದ. ನಾನು ಸ್ಕೂಲಿನ ಗೇಟಿಗೆ ಬಂದೆ ಎಂಬುದು ಹಿಂದಿನ ಬೆಂಚಿನವರಿಗೂ ಗೊತ್ತಾಗಿ, ಗಲಾಟೆ ಮಾಡುತ್ತಿದ್ದ ತರಗತಿ ಗಪ್‌ಚಿಪ್ಪಾಗುತ್ತಿತ್ತು. ಇದೊಂದು ಅನುಕೂಲವೇ ಅಂದುಕೊಂಡೆ. ಆದರೂ ಇರಲಿ ಎಂದು ಮಹದೇವನ ಶೆಡ್ಡಿಗೆ ಹೋದೆ. ಮಹದೇವ ನನ್ನ ಹಳೇ ಶಿಷ್ಯ, ಅಷ್ಟರಲ್ಲಿ ನಂಜನಗೂಡು ರಸ್ತೆಯಲ್ಲಿ ಕಾರು ರಿಪೇರಿ ಶೆಡ್ಡು ಇಟ್ಟುಕೊಂಡು ಮದುವೆಯಾಗಿ ಮೀಸೆ ಬಿಟ್ಟಿದ್ದ. ಚಕ್ರದ ಒಳಕ್ಕೆ ಇಣುಕಿದವನೇ ಹೇಳಿದ:

"ಪ್ಯಾಡ್ ಸವ್ದೋಗವೆ ಸಾ. ಅದುಕ್ಕೇ ಕಿರುಚ್ಕಳದು. ನನ್ ಬದ್ಲಾಯ್ಸು ಅಂತ ಬಾಯ್ ಬಡ್ಕತಾ ಅದೆ."

"ಎಷ್ಟಾಗುತ್ತಪ್ಪ?"

"ನಿಮ್ಗೆ ಅಂತ ಏಳ್ನೂರೈವತ್ತಕ್ಕೆ ಮಾಡ್ಕೊಡ್ತೀನಿ ಸಾ. ಪ್ಯಾಡು, ಕೂಲಿ ಎಲ್ಲ ಸೇರಿ."

ಏಳುನೂರೈವತ್ತು! ಪ್ಯಾಡ್ ಎಂದರೆ ಏನೆಂದು ಅವನು ತೆಗೆದು ತೋರಿಸಿದ. ಬಿಸ್ಕತ್ತಿನ ಗಾತ್ರದ ನಾಲ್ಕು ತುಂಡುಗಳು, ಎರಡು ಆ ಕಡೆ, ಎರಡು ಈ ಕಡೆ. ಡಿಸ್ಕ್ ಎಂಬ ಕಬ್ಬಿಣದ ತಟ್ಟೆಯನ್ನು ಇವು ಎರಡೂ ಬದಿಯಿಂದ ಅಮುಕಿದರೆ ಕಾರು ನಿಲ್ಲುತ್ತದೆಯಂತೆ. ಮಾಡುವುದು ನನ್ನ ಚಪ್ಪಲಿಯ ಕೆಲಸವನ್ನೇ, ಕೇಳುವುದು ಏಳುನೂರೈವತ್ತು ರೂಪಾಯಿ! ನನ್ನ ಮನಸ್ಸು ಅಲ್ಲೇ ಲೆಕ್ಕ ಹಾಕಿತು. ಅಷ್ಟು ದುಡ್ಡಿಗೆ ಹದಿನೆಂಟು ಜೊತೆ ಹವಾಯಿ ಚಪ್ಪಲಿ ಬರುತ್ತಿತ್ತು. "ಮುಂದಿನ ತಿಂಗಳು ನೋಡೋಣ ಕಣೋ, ನಿಲ್ಲುತ್ತಾ ಇದೆಯಲ್ಲ" ಎಂದು ಹೇಳಿ ಕಿರುಚಿಸಿಕೊಂಡೇ ಮನೆಗೆ ಬಂದೆ. ಮಂಗಳನಿಗೆ ಈ ಸಂಗತಿ ಹೇಳಲಿಲ್ಲ.

ಈಗ ನಮ್ಮ ಮಾವನವರು ಬರುತ್ತಾರೆ. ಮಂಗಳನ ಅಪ್ಪ, ಹೆಡತಲೆಯ ರೈತ, ಎತ್ತಿನ ಗಾಡಿ ಹೊಡೆದು ಬದುಕಿದ ಮನುಷ್ಯ. ತಿಂಗಳಿಗೊಂದು ಭಾನುವಾರ ಮೊದಲ ಬಸ್ಸಿಗೆ ಹತ್ತಿ, ನಂಜನಗೂಡಿನಲ್ಲಿ ಬಸ್ ಬದಲಾಯಿಸಿ ಮಗಳನ್ನೂ ನಮ್ಮ ಪಾಪುವನ್ನೂ ನೋಡಲು ಬರುತ್ತಿದ್ದರು. ಒಂದು ಕೈಯಲ್ಲಿ ಸೊಪ್ಪು, ಅವರೆಕಾಯಿ ಇದ್ದರೆ ಇನ್ನೊಂದು ಕೈಯಲ್ಲಿ ಸುತ್ತಿಗೆ, ಸ್ಕ್ರೂಡ್ರೈವರು, ತಂತಿ ತುಂಬಿದ ಬಟ್ಟೆಯ ಚೀಲ. ಅವರದೊಂದು ಹಠ. ಕೊಟ್ಟ ಹೆಣ್ಣಿನ ಮನೆಯಲ್ಲಿ ಬಿಟ್ಟಿ ಉಣ್ಣಬಾರದು. "ನಮ್ಮಪ್ಪ ಉಂಡಿಲ್ಲ ಅಳಿಮಯ್ಯ, ನಾನೂ ಉಣ್ಣಾಕಿಲ್ಲ" ಎನ್ನುತ್ತಿದ್ದರು. ಆದ್ದರಿಂದ ಬಂದವರು ಮೊದಲು ಮನೆಯನ್ನೆಲ್ಲ ಒಂದು ಸುತ್ತು ತಟ್ಟಿ ನೋಡುವರು. ಸಡಿಲವಾದ ಕೀಲು ಬಿಗಿ ಮಾಡಿಯೋ, ಅಲ್ಲಾಡುವ ಮಣೆಗೆ ಮೊಳೆ ಹೊಡೆದೋ, ಕೈ ತೊಳೆದುಕೊಂಡು ಧೈರ್ಯವಾಗಿ ಮುದ್ದೆಗೆ ಕೂರುವರು. ಕಾಫಿ ಮಾತ್ರ ಲೆಕ್ಕಕ್ಕಿರಲಿಲ್ಲ.

ನಮ್ಮ ಮದುವೆಯಾದ ಹೊಸದರಲ್ಲಿ ಒಂದು ಸಲ ಮನೆಯಲ್ಲಿ ಏನೂ ಕೆಟ್ಟಿರಲಿಲ್ಲ. ಮಾವ ಎಲ್ಲ ಕಡೆ ತಟ್ಟಿ ನೋಡಿದರು, ನಲ್ಲಿ ತಿರುಗಿಸಿದರು, ಹಿತ್ತಲಿನ ಬಾಗಿಲನ್ನು ನಾಲ್ಕು ಸಲ ತೆಗೆದು ಹಾಕಿದರು. ಆಮೇಲೆ ಒಂದು ಲೋಟ ನೀರು ಕುಡಿದು, ಬಿಸಿ ಮುದ್ದೆ ತಟ್ಟೆಯಲ್ಲಿ ಹೊಗೆಯಾಡುತ್ತಿರುವಾಗಲೇ, ಬಸ್ಸಿಗೆ ಹೊತ್ತಾಯಿತು ಎಂದು ಹೊರಟುಬಿಟ್ಟರು. ಅದಾದ ಮೇಲೆ ಐದು ತಿಂಗಳು ಈ ಕಡೆ ತಲೆ ಹಾಕಲಿಲ್ಲ. ಮಂಗಳ ಆ ದಿನ ಅತ್ತದ್ದನ್ನು ನಾನು ಮರೆತಿಲ್ಲ. ಅವಳಿಗೆ ತಾಯಿಯಿಲ್ಲ, ತವರು ಎಂದರೆ ಅಪ್ಪ ಒಬ್ಬರೇ. ಪುಣ್ಯಕ್ಕೆ ಆಮೇಲಿನ ವರ್ಷಗಳಲ್ಲಿ ಅವರು ಬಂದಾಗಲೆಲ್ಲ ನಮ್ಮ ಮನೆಯಲ್ಲಿ ಒಂದಲ್ಲ ಒಂದು ಕೆಟ್ಟಿರುತ್ತಿತ್ತು. ಇಂಥ ಕಳಪೆ ಮನೆ ಕಟ್ಟಿಸಿದ ಓನರನ್ನು ನಾನು ಬೈದುಕೊಳ್ಳುತ್ತಿದ್ದೆ.

ಆ ಭಾನುವಾರ ಮಾವನನ್ನು ಬಸ್ ಸ್ಟ್ಯಾಂಡಿನಿಂದ ಕಾರಿನಲ್ಲಿ ಕರೆತಂದೆ. ದಾರಿಯುದ್ದಕ್ಕೂ ಕಾರು ಕಿರುಚಿತು. ಮಾವ ಕಿವಿಗೊಟ್ಟು ಕೇಳಿ ಹುಬ್ಬು ಗಂಟಿಕ್ಕಿದರು.

"ಯಾಕ್ ಅಳಿಮಯ್ಯ, ಇದು ಇಂಗಳ್ತದೆ?"

"ಹಳೇ ಗಾಡಿ ಅಲ್ವಾ ಮಾವ, ಅದರ ಸ್ವಭಾವ" ಅಂದೆ.

ಗಾಡಿ ಕಟ್ಟುವ ಮನೆತನದವರಿಗೆ ಚಕ್ರ ಅಳುವುದೆಂದರೆ ಅವಮಾನ. ನಮ್ಮ ಬಿಳಿಗೆರೆಯಲ್ಲೂ ಗಾಡಿಗಳ ಮೂಕಿಯ ಕೆಳಗೆ ಬಿದಿರಿನ ಗೊಟ್ಟದಲ್ಲಿ ಕೀಲೆಣ್ಣೆ ತೂಗಾಡುತ್ತಿತ್ತು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಬೂದಿ ಕಲಸಿದ ಕಪ್ಪು ಎಣ್ಣೆ ಅದು. ಸದ್ದು ಮಾಡುವ ಗಾಡಿಯವನನ್ನು ಕಂಡರೆ, ಎತ್ತಿಗೆ ಹುಲ್ಲು ಹಾಕದವನನ್ನು ಕಂಡ ಹಾಗೆ ಜನ ಮುಖ ಸಿಂಡರಿಸುತ್ತಿದ್ದರು. ಇಷ್ಟೆಲ್ಲ ಗೊತ್ತಿದ್ದೂ ನಾನು ನಿಶ್ಚಿಂತೆಯಿಂದ ಸ್ನಾನಕ್ಕೆ ಹೋದೆ.

ಒಂಬತ್ತು ಗಂಟೆಗೆ ತರಕಾರಿ ತರಲು ಕಾರು ಹೊರಟಿತು. ಒಳಗೆ ನಾನೊಬ್ಬನೇ. ಮೊದಲ ತಿರುವಿನಲ್ಲಿ ಬ್ರೇಕ್ ಮುಟ್ಟಿದರೆ ಸದ್ದೇ ಇಲ್ಲ! ನೋಡಿದಿರಾ, ತಾನಾಗಿಯೇ ಸರಿಹೋಯಿತು, ಏಳುನೂರೈವತ್ತು ಉಳಿಯಿತು ಎಂದು ಹಿಗ್ಗಿದೆ. ವೇಗ ಯಾಕೋ ಸರಿಯಾಗಿ ಇಳಿಯಲಿಲ್ಲ, ಆದರೆ ಆ ಹಿಗ್ಗಿನಲ್ಲಿ ಅದರ ಕಡೆ ಗಮನ ಹೋಗಲಿಲ್ಲ. ಮುಂದೆ ಹೊಳೆಯ ಕಡೆಗೆ ಇಳಿಯುವ ರಸ್ತೆ. ಬ್ರೇಕ್ ತುಳಿದೆ. ಕಾರು ಹೋಗುತ್ತಲೇ ಇತ್ತು. ಸೀಟಿನಿಂದ ಎದ್ದು ನಿಂತಂತೆ ತುಳಿದೆ. ಒಂಚೂರು ನಿಧಾನವಾಯಿತೇ ಹೊರತು ನಿಲ್ಲಲಿಲ್ಲ. ಎದುರಿಗೆ ಕಪಿಲೆ ಥಳಥಳಿಸುತ್ತಿದ್ದಾಳೆ, ಒದ್ದೆ ಬಟ್ಟೆಯ ಜನ ಮೆಟ್ಟಿಲು ಹತ್ತಿ ಬರುತ್ತಿದ್ದಾರೆ. ನಂಬುತ್ತೀರೋ ಇಲ್ಲವೋ, ನನ್ನ ಎಡಗಾಲು ಚಪ್ಪಲಿ ಒತ್ತಲು ಟೈರು ಹುಡುಕಿತು. ಹ್ಯಾಂಡ್ ಬ್ರೇಕ್ ಎಳೆದು, ಸ್ಟಿಯರಿಂಗ್ ತಿರುಗಿಸಿ, ರಸ್ತೆ ಬದಿಯಲ್ಲಿ ಯಾರೋ ಮನೆ ಕಟ್ಟಲು ಸುರಿಸಿದ್ದ ಮರಳಿನ ಗುಡ್ಡೆಗೆ ಕಾರನ್ನು ನುಗ್ಗಿಸಿದೆ. ಒಂದು ಹೆಡ್‌ಲೈಟು ಫಳ್ ಎಂದಿತು.

"ಯೋ! ಕಾರ್ನೂ ಮೀಯಿಸ್ಬೇಕಾಗಿತ್ತಾ?" ಎಂದು ಒದ್ದೆ ಪಂಚೆಯ ಮುದುಕರೊಬ್ಬರು ಬೈದರು.

ಇಳಿದೆ. ಮುಂದಿನ ಚಕ್ರಗಳಿಂದ ತೆಳ್ಳಗೆ ಹೊಗೆ ಬರುತ್ತಿತ್ತು, ಆ ಹೊಗೆಯಲ್ಲಿ ನಮ್ಮವ್ವ ಶನಿವಾರ ಶನಿವಾರ ನೆತ್ತಿಗೆ ತಟ್ಟುತ್ತಿದ್ದ ಎಣ್ಣೆಯ ವಾಸನೆ. ಬೆರಳಿನಲ್ಲಿ ಮುಟ್ಟಿ ನೋಡಿದೆ. ಅಂಟಂಟು. ಹರಳೆಣ್ಣೆ! ಯಾರ ಕೆಲಸ ಎಂದು ಕೇಳುವ ಅಗತ್ಯವೇ ಇರಲಿಲ್ಲ. ಫೋನ್ ಬೂತಿನಿಂದ ಮಹದೇವನಿಗೆ ಹೇಳಿದೆ, ಅವನು ಬಂದು ಆಮೆಯ ವೇಗದಲ್ಲಿ, ಹ್ಯಾಂಡ್ ಬ್ರೇಕ್ ಹಿಡಿದುಕೊಂಡೇ ಕಾರನ್ನು ಶೆಡ್ಡಿಗೆ ಒಯ್ದ. ನಾನು ನಡೆದು ಮನೆಗೆ ಬಂದೆ.

ಮಾವ ಜಗಲಿಯಲ್ಲಿ ಕೂತಿದ್ದರು. ನನ್ನನ್ನು ಕಂಡವರೇ ಮುಖ ಅರಳಿಸಿದರು.

"ಎಂಗದೆ ಅಳಿಮಯ್ಯ? ಸದ್ದು ನಿಂತದಾ?"

"ನಿಂತಿದೆ ಮಾವ" ಅಂದೆ. ಸದ್ದು ಮಾತ್ರ ನಿಂತದ್ದು ಎಂದು ಹೇಳಲು ನಾಲಿಗೆ ಏಳಲಿಲ್ಲ.

"ಎರಡೂ ಚಕ್ರಕ್ಕೆ ಒಸಿ ಅಳ್ಳೆಣ್ಣೆ ಬುಟ್ಟೆ. ಇನ್ ಆರ್ ತಿಂಗ್ಳು ಅಳಾಕಿಲ್ಲ ಬುಡಿ."

ಒಳಗೆ ಹೋಗಿ ಮಂಗಳನಿಗೆ ಮೆಲ್ಲಗೆ ನಡೆದದ್ದನ್ನು ಹೇಳಿದೆ. ಅವಳು ಕೈಯಲ್ಲಿದ್ದ ಮುದ್ದೆಕೋಲು ಹಿಡಿದಂತೆಯೇ ಗೋಡೆಗೆ ಒರಗಿದಳು.

"ಒಂದ್ ಕುಡಿಕೆ ಎಣ್ಣೆ ಕೇಳಿದ್ರು. ತಲೆಗೆ ಅಂದ್ಕೊಂಡೆ" ಅಂದಳು. ಆಮೇಲೆ, "ತಪ್ಪು ನಂದೇ ಕಣ್ರೀ. ಈ ಸಲ ಏನನ್ನೂ ಕೆಡಿಸಿಡೋದು ಮರೆತುಬಿಟ್ಟೆ" ಅಂದಳು.

"ಕೆಡಿಸಿಡೋದಾ?"

"ಮತ್ತಿನ್ನೇನು? ಅಪ್ಪ ಬರೋ ಹಿಂದಿನ ದಿನ ನಾನೇ ಒಂದು ಸ್ಕ್ರೂ ಸಡಿಲ ಮಾಡಿರ್ತೀನಿ. ಇಲ್ಲದಿದ್ರೆ ಅವರು ಉಣ್ತಾರಾ? ನಿನ್ನೆ ಪಾಪುಗೆ ಜ್ವರ ಅಂತ ಅದೇ ಗಡಿಬಿಡಿಲಿ ಮರೆತೆ. ಮನೇಲಿ ಕೆಲಸ ಸಿಗಲಿಲ್ಲ, ಅದಕ್ಕೆ ಕಾರಿಗೆ ಕೈ ಹಾಕಿದ್ದಾರೆ."

ಎಂಟು ವರ್ಷ! ಎಂಟು ವರ್ಷದಿಂದ ನನ್ನ ಕಣ್ಣೆದುರಿಗೇ ನನ್ನ ಮನೆಯನ್ನು ಒಬ್ಬಳು ಬಿಚ್ಚುತ್ತಿದ್ದಾಳೆ, ಒಬ್ಬರು ಬಿಗಿ ಮಾಡುತ್ತಿದ್ದಾರೆ. ವಿಜ್ಞಾನದ ಮೇಷ್ಟ್ರಾದ ನಾನು ಮನೆ ಓನರನ್ನು ಬೈಯುತ್ತಾ ಕೂತಿದ್ದೇನೆ!

"ಅಪ್ಪನಿಗೆ ಮಾತ್ರ ಗೊತ್ತಾಗಬಾರದು. ಗೊತ್ತಾದ್ರೆ ಇನ್ನು ಈ ಹೊಸಿಲು ತುಳಿಯಲ್ಲ" ಅಂದಳು. ಅವಳ ಕಣ್ಣು ತುಂಬಿತ್ತು. ಆಗಲಿ ಎಂದು ಮಾತು ಕೊಟ್ಟೆ.

ಕೊಟ್ಟ ಮಾತಿಗೆ ಹತ್ತೇ ನಿಮಿಷದಲ್ಲಿ ಕುತ್ತು ಬಂತು. ಕಾರು ಎಲ್ಲಿ ಎಂದು ಮಾವ ಕೇಳಿದರು. ಮಹದೇವನ ಶೆಡ್ಡಿನಲ್ಲಿ ಸಣ್ಣದೊಂದು ಕೆಲಸವಿದೆ ಅಂದೆ. "ಕೆಲ್ಸಾನಾ? ನಡೀರಿ ಮತ್ತೆ, ನಾನೂ ಬತ್ತೀನಿ" ಎಂದು ಚೀಲ ಹಿಡಿದು ಎದ್ದೇಬಿಟ್ಟರು. ಬೇಡ ಮಾವ, ಬಿಸಿಲು ಮಾವ ಎಂದೆಲ್ಲ ಹೇಳಿದೆ. ಬಿಸಿಲಿನಲ್ಲೇ ಬದುಕಿದವರಿಗೆ ಅದು ಯಾವ ಲೆಕ್ಕ!

ಶೆಡ್ಡಿನಲ್ಲಿ ಮಹದೇವ ಎರಡೂ ಚಕ್ರ ಬಿಚ್ಚಿ ಕೂತಿದ್ದ. ಸ್ಕೂಟರ್ ರಿಪೇರಿಗೆ ಬಂದ ಇಬ್ಬರು ಬೆಂಚಿನ ಮೇಲಿದ್ದರು. ನಾನು ಮಾವನ ಬೆನ್ನ ಹಿಂದಿನಿಂದ ಮಹದೇವನಿಗೆ ಕಣ್ಣು ಮಿಟುಕಿಸಿದೆ, ಹುಬ್ಬು ಹಾರಿಸಿದೆ, ತುಟಿಯ ಮೇಲೆ ಬೆರಳಿಟ್ಟೆ.

"ಕಣ್ಗೆ ಮರಳೇನಾರ ಬಿತ್ತಾ ಸಾ?" ಎಂದು ಆ ಮಹಾನುಭಾವ ಗಟ್ಟಿಯಾಗಿ ಕೇಳಿದ. ಆಮೇಲೆ ಬೆರಳು ಮಡಿಸತೊಡಗಿದ. "ನಾಕು ಪ್ಯಾಡ್ಗೂ ಎಣ್ಣೆ ಇಳ್ದದೆ, ಅವು ಎಸಿಯಾಕೇ ಸೈ. ಡಿಸ್ಕ್ ಎರಡೂ ಗೀರ್ ಬಿದ್ದವೆ, ಬದ್ಲಾಯಿಸ್ಬೇಕು. ಹೆಡ್‌ಲೈಟ್ ಒಂದು. ಎಲ್ಲ ನಂಜನಗೂಡಿಂದ ತರಿಸ್ಬೇಕು. ಮೂರ್ ಸಾವ್ರದ ಇನ್ನೂರು ಆಯ್ತದೆ ಸಾ."

ಮೂರು ಸಾವಿರದ ಇನ್ನೂರು! ಅಲ್ಲಿದ್ದ ಟೈರಿನ ಮೇಲೆ ಕುಸಿದು ಕೂತೆ. ಅಷ್ಟಕ್ಕೇ ಮುಗಿಯಲಿಲ್ಲ.

"ಅಲ್ಲಾ ಸಾ, ಯಾವನ್ ಸಾ ಈ ಘನಂದಾರಿ ಕೆಲ್ಸ ಮಾಡ್ದೋನು? ಬ್ರೇಕ್ಗೆ ಅಳ್ಳೆಣ್ಣೆ ಬುಡದಾ? ನಿಮ್ಮನ್ನ ಒಳೆಗೇ ಸೇರ್ಸಾಕೆ ನೋಡವ್ನೆ!"

ನಾನು ಮಾವನ ಮುಖ ನೋಡಲಿಲ್ಲ. "ನಾನೇ ಕಣೋ" ಅಂದೆ.

ಮಹದೇವ ಸ್ಪ್ಯಾನರನ್ನು ಕೆಳಗಿಟ್ಟ. "ನೀವಾ? ನೀವಾ ಸಾ? ಘರ್ಷಣೆ ಪಾಠ ನೀವೇ ಅಲ್ವಾ ಸಾ ಮಾಡಿದ್ದು? ಎಣ್ಣೆ ಬುಟ್ರೆ ಘರ್ಷಣೆ ಏನಾಯ್ತದೆ ಅಂತ ಕೇಳಿ, ನಾನ್ ಯೇಳ್ನಿಲ್ಲ ಅಂತ ಕಿವಿ ಇಂಡಿದ್ರಲ್ಲ ಸಾ!"

ಬೆಂಚಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ಕಿವಿ ಬಿಸಿಯಾಯಿತು. ಸೋಮವಾರ ಬೆಳಿಗ್ಗೆಗೆ ಈ ಸುದ್ದಿ ಊರೆಲ್ಲ ಸುತ್ತಿ ಸ್ಟಾಫ್ ರೂಮಿಗೆ ಬಂದಿರುತ್ತದೆ ಎಂದು ಗೊತ್ತಿತ್ತು. ಆದರೂ ಸುಮ್ಮನೆ ತಲೆಯಾಡಿಸಿದೆ.

"ಅವ್ರಲ್ಲ ಕಣಪ್ಪ."

ಮಾವನ ದನಿ. ಅವರು ಚೀಲವನ್ನು ನೆಲದ ಮೇಲಿಟ್ಟು ನೆಟ್ಟಗೆ ನಿಂತಿದ್ದರು. "ಅವ್ರು ಮೇಷ್ಟ್ರು. ಓದ್ದೋರು ಇಂತಾ ಕೆಲ್ಸ ಮಾಡಾಕಿಲ್ಲ. ಕೀಲು ಅಳ್ತದೆ ಅಂದ್ಕಂಡು ನಾನ್ ಬುಟ್ಟಿದ್ದು. ಅವರ್ನ ನಗ್ಬ್ಯಾಡಿ."

ನಗು ಅಲ್ಲೇ ನಿಂತಿತು. ಮಾವ ಯಾರನ್ನೂ ನೋಡದೆ ಚೀಲ ಎತ್ತಿಕೊಂಡು ರಸ್ತೆಗೆ ಇಳಿದರು. ನಾನು ಹಿಂದೆಯೇ ಹೊರಟಾಗ ಮಹದೇವ ತೋಳು ಹಿಡಿದು ತಗ್ಗಿದ ದನಿಯಲ್ಲಿ ಹೇಳಿದ: "ಪಾಪ, ಯಜಮಾನ್ರಿಗೆ ಬೇಜಾರ್ ಮಾಡ್ಬುಟ್ಟೆ ಸಾ. ಎಣ್ಣೆಯಿಂದ ಓಗಿದ್ದು ಪ್ಯಾಡ್ ಮಾತ್ರ, ಅವು ಎಂಗೂ ಸತ್ತಿದ್ವು. ಡಿಸ್ಕ್ ತಿಂದಾಕಿರೋದು ನೀವು ತಿಂಗ್ಳಿಂದ ಅಂಗೇ ಓಡ್ಸಿದ್ದು. ಅವತ್ತೇ ಯೇಳಿದ್ನಲ್ಲ ಸಾ."

ದಾರಿಯಲ್ಲಿ ಮಾವ ಒಂದೇ ಮಾತು ಕೇಳಿದರು. "ಕೂಸು ಕೂತಿತ್ತಾ ಅದ್ರಲ್ಲಿ?"

"ಇಲ್ಲ ಮಾವ. ನಾನೊಬ್ಬನೇ."

ಮನೆಗೆ ಬಂದರೆ ಮಂಗಳ ತಟ್ಟೆ ಹಾಕಿ ಕಾಯುತ್ತಿದ್ದಳು. ಅಪ್ಪನ ಮುಖ ಕಂಡೊಡನೆ ಅವಳಿಗೆ ಎಲ್ಲ ತಿಳಿಯಿತು. ಮಾವ ಒಳಗೆ ಬರಲಿಲ್ಲ. ಅಂಗಳದಲ್ಲೇ ನಿಂತು, "ಬತ್ತೀನಿ ಮಗ. ಬಸ್ಸದೆ" ಅಂದರು.

"ಅಪ್ಪಾ, ಒಂದ್ ಮುದ್ದೆ..."

"ಬ್ಯಾಡ ಮಗ. ಇವತ್ ಮಾಡಿರೋ ಕೆಲ್ಸುಕ್ಕೆ ನೀರೂ ಇಳಿಯಾಕಿಲ್ಲ."

ಗೇಟಿನ ಅಗುಳಿಗೆ ಅವರ ಕೈ ಹೋಯಿತು. ಈಗ ಹೋದರೆ ಇವರು ಮತ್ತೆ ಬರುವವರಲ್ಲ ಎಂದು ನನಗೆ ಖಾತ್ರಿಯಾಯಿತು. ಮೂರು ಸಾವಿರ ಹೋದರೂ ಆಗದಿದ್ದ ಸಂಕಟ ಆಗ ಆಯಿತು. ಮಂಗಳನನ್ನು ನೋಡುವ ಧೈರ್ಯವೂ ಇರಲಿಲ್ಲ. ಹೋಗಿ ಗೇಟಿಗೆ ಅಡ್ಡ ನಿಂತೆ.

"ಮಾವ, ಇವತ್ತು ಈ ಮನೆಯಲ್ಲಿ ಯಾರಾದರೂ ಉಪವಾಸ ಬೀಳಬೇಕು ಅಂದರೆ ಅದು ನಾನು. ಪ್ಯಾಡ್ ಸವೆದಿದೆ, ಬದಲಾಯಿಸಿ ಅಂತ ಮಹದೇವ ತಿಂಗಳ ಹಿಂದೆಯೇ ಹೇಳಿದ್ದ. ಏಳುನೂರೈವತ್ತು ಅಂದ ಅಂತ ನಾನೇ ಮುಂದಕ್ಕೆ ಹಾಕಿದೆ. ಆವತ್ತೇ ಹಾಕಿಸಿದ್ದರೆ ಅದು ಅಳುತ್ತಲೂ ಇರಲಿಲ್ಲ, ನೀವು ಎಣ್ಣೆ ಬಿಡುತ್ತಲೂ ಇರಲಿಲ್ಲ."

ಮಾವನ ಕೈ ಅಗುಳಿಯ ಮೇಲೆಯೇ ಇತ್ತು. ನನ್ನನ್ನೇ ನೋಡಿದರು.

"ತಿಂಗ್ಳಿಂದ ಗೊತ್ತಿತ್ತಾ ನಿಮ್ಗೆ?"

"ಗೊತ್ತಿತ್ತು."

"ಗೊತ್ತಿದ್ದೂ ನನ್ ಮಗಳ ಅದ್ರಲ್ಲಿ ಕೂರಿಸ್ಕಂಡ್ ತಿರುಗಾಡುದ್ರಾ? ಆ ಕೂಸ್ನೂ?"

ಮಂಗಳ ನನ್ನ ಕಡೆ ತಿರುಗಿದಳು.

"ಕತ್ತೆಗಾದ್ರೂ ಒಸಿ ಗೇನ ಇರ್ತದೆ ಕಣಯ್ಯ!" ಮಾವನ ದನಿ ಬೀದಿಗೆಲ್ಲ ಕೇಳಿಸಿತು. ಎಂಟು ವರ್ಷದಿಂದ ನನ್ನೆದುರು ಗಟ್ಟಿಯಾಗಿ ಕೆಮ್ಮದಿದ್ದ ಮನುಷ್ಯ! "ಏಳ್ನೂರೈವತ್ತಂತೆ! ನನ್ ಮಗಳು ಕೂತ್ಕಳ ಗಾಡಿ ಅದು! ಇದ್ನ ಇಲ್ಲಿಗೇ ಬುಟ್ಬುಟ್ಟು ನಾನ್ ಬಸ್ ಅತ್ತದಾ? ಮಗಾ, ತಟ್ಟೆ ಆಕು. ಇವನ್ಗೆ ಬುದ್ದಿ ಯೇಳಾಕೆ ಬಾಳ ಒತ್ತಾಯ್ತದೆ, ಬರೀ ಒಟ್ಟೇಲಿ ನನ್ ಕೈಲಾಗಾಕಿಲ್ಲ."

ಚೀಲ ಜಗಲಿಗೆ ಎಸೆದು, ಕೈ ಕಾಲು ತೊಳೆದು, ಒಳಗೆ ಬಂದು ಕೂತರು. ಒಂದೊಂದು ತುತ್ತಿಗೂ ನನ್ನನ್ನು ಬೈದರು. ಎರಡು ಮುದ್ದೆ ಉಂಡು ಮೂರನೆಯದನ್ನು ತಾವೇ ಕೇಳಿ ಹಾಕಿಸಿಕೊಂಡರು. ಮಂಗಳ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಸಾರು ಬಡಿಸುತ್ತಿದ್ದಳು, ನನಗೆ ಬಡಿಸುವಾಗ ಮಾತ್ರ ಸೌಟನ್ನು ತಟ್ಟೆಗೆ ಕುಟ್ಟುತ್ತಿದ್ದಳು. ನಾನು ತಲೆ ಎತ್ತಿದೆ.

"ನನ್ ಮಕ ಏನ್ ನೋಡೀಯೆ?" ಎಂದರು ಮಾವ. "ಸುಮ್ನೆ ತಲೆ ಬಗ್ಸಿ ಉಣ್ಣು."

ಉಂಡೆ.